ಹತ್ತು ಇಂಚು ಉಳಿಯಿತು, ಹತ್ತು ದಿನ ಕಳೆದುಹೋಯಿತು: ಒಂದು ನಾಟಿ ಪದ್ಧತಿಯ ಪ್ರಕರಣ

ಒಂದು ವಿಚಾರ ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ದಾಟುವಾಗ ಎಷ್ಟು ಉಳಿಯುತ್ತದೆ, ಎಷ್ಟು ಬದಲಾಗುತ್ತದೆ ಅಂತ ಅಳೆಯೋದು ಕಷ್ಟ. ಬರೀ ಮಾತಿನ ವಿಚಾರವಾದರೆ ಮೊದಲು ಏನು ಹೇಳಿದ್ದರು ಅನ್ನೋದೇ ಯಾರಿಗೂ ನೆನಪಿರುವುದಿಲ್ಲ. ಭತ್ತದ ನಾಟಿಯಲ್ಲಿ ಹಾಗಲ್ಲ. ಪೈರಿಗೆ ಎಷ್ಟು ದಿನವಾಗಿದೆ, ಒಂದು ಕಡೆ ಎಷ್ಟು ಪೈರು ಊರಿದ್ದಾರೆ, ಸಾಲಿಗೂ ಸಾಲಿಗೂ ಅಂತರ ಎಷ್ಟು, ಎಲ್ಲವನ್ನೂ ಬದುವಿನ ಮೇಲೆ ನಿಂತು ಎಣಿಸಬಹುದು. ಹೇಳಿಕೊಟ್ಟದ್ದು ಏನು, ಗದ್ದೆಗೆ ಬಂದು ಇಳಿದದ್ದು ಏನು ಅಂತ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಈ ಪ್ರಕರಣ ಕಾವೇರಿ ಅಚ್ಚುಕಟ್ಟಿನ ಒಂದು ನಾಲೆಯ ಕೊನೆ ಭಾಗದ ಊರಿನದು. ಅಲ್ಲಿ ರೈತರ ಜೊತೆ ಕೆಲಸ ಮಾಡುತ್ತಿದ್ದ ಒಂದು ಸಣ್ಣ ಸಂಸ್ಥೆಯ ಪರವಾಗಿ ನಾನು ದಾಖಲೆ ಬರೆಯುತ್ತಿದ್ದೆ. ಊರಿನ ಹೆಸರು, ಜನರ ಹೆಸರು ಬಿಟ್ಟಿದ್ದೇನೆ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ.

ಪದ್ಧತಿ ಬಂದ ದಾರಿ

ವಿಷಯ 'ಶ್ರೀ ಪದ್ಧತಿ'ಯದು, ಅಂದ್ರೆ ಇಂಗ್ಲಿಷಿನಲ್ಲಿ SRI (ಸಿಸ್ಟಮ್ ಆಫ್ ರೈಸ್ ಇಂಟೆನ್ಸಿಫಿಕೇಶನ್) ಅನ್ನುವ ಭತ್ತದ ಬೇಸಾಯ ಕ್ರಮದ್ದು. ಇದು ಹುಟ್ಟಿದ್ದು ಮಡಗಾಸ್ಕರ್ ದ್ವೀಪದಲ್ಲಿ. ಫ್ರಾನ್ಸಿನಿಂದ 1961ರಲ್ಲಿ ಅಲ್ಲಿಗೆ ಹೋದ ಹೆನ್ರಿ ಡಿ ಲೊಲಾನಿ ಎಂಬ ಪಾದ್ರಿ ರೈತರ ಜೊತೆಗೇ ಇದ್ದು ಭತ್ತದ ಬೇಸಾಯ ಗಮನಿಸುತ್ತಿದ್ದರು. 1983ರಲ್ಲಿ ಮಳೆ ಕೈಕೊಟ್ಟು ಹಂಗಾಮು ತಡವಾಯಿತು. ಪೈರು ಬಲಿಯುವ ತನಕ ಕಾಯಲು ಸಮಯವಿರಲಿಲ್ಲ. ಹದಿನೈದು ದಿನದ ಎಳೆ ಪೈರನ್ನೇ ನೆಟ್ಟರು. ಅದು ಯಾರೂ ನಿರೀಕ್ಷಿಸದಷ್ಟು ತೆಂಡೆ, ಅಂದ್ರೆ ಬುಡದಿಂದ ಹೊಸ ಕವಲು, ಹೊಡೆಯಿತು. ಯಾಕೆ ಹಾಗಾಯಿತು ಅನ್ನೋದು ಗೊತ್ತಾದದ್ದು ಆಮೇಲೆ, ಜಪಾನಿನ ಕಟಯಾಮ ಎಂಬ ವಿಜ್ಞಾನಿ ಬಹಳ ಹಿಂದೆಯೇ ಮಾಡಿದ್ದ ಕೆಲಸ ಕಣ್ಣಿಗೆ ಬಿದ್ದಾಗ. ಭತ್ತದ ಗಿಡ ಒಂದು ಲಯದಲ್ಲಿ ತೆಂಡೆ ಹೊಡೆಯುತ್ತದೆ, ಪ್ರತಿ ತೆಂಡೆಯಿಂದ ಮತ್ತೆ ತೆಂಡೆ. ಆ ಓಟ ಶುರುವಾಗುವ ಮೊದಲೇ ಪೈರನ್ನು ಕಿತ್ತು ನೆಟ್ಟರೆ ಲಯ ತಪ್ಪುವುದಿಲ್ಲ. ಶುರುವಾದ ಮೇಲೆ ಕಿತ್ತರೆ ಗಿಡ ಸುಧಾರಿಸಿಕೊಳ್ಳುವುದರಲ್ಲೇ ಅದರ ಒಳ್ಳೆಯ ದಿನಗಳು ಮುಗಿದಿರುತ್ತವೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ನಾರ್ಮನ್ ಅಪ್ಹಾಫ್ 1990ರ ದಶಕದಲ್ಲಿ ಇದನ್ನು ಬೇರೆ ದೇಶಗಳಿಗೆ ಪರಿಚಯಿಸಿದರು. 2000ದ ನಂತರ ತಮಿಳುನಾಡು, ಆಂಧ್ರ, ಆಮೇಲೆ ನಮ್ಮ ಕಡೆ ಬಂತು. ಇದರ ಇಳುವರಿಯ ದೊಡ್ಡ ದೊಡ್ಡ ಲೆಕ್ಕಗಳ ಬಗ್ಗೆ ವಿಜ್ಞಾನಿಗಳ ನಡುವೆ ಜೋರು ಜಗಳವೇ ಆಗಿದೆ. ಆ ಜಗಳ ಇಲ್ಲಿ ಬೇಡ. ಇಳುವರಿ ಎಷ್ಟು ಅನ್ನೋದಕ್ಕಿಂತ, ವಿಚಾರ ಹೇಗೆ ಸಾಗಿತು ಅನ್ನೋದು ನನ್ನ ವಿಷಯ.

ತರಬೇತಿಯಲ್ಲಿ ಹೇಳುವ ರೂಪ ಹೀಗಿರುತ್ತದೆ. ಎಂಟರಿಂದ ಹನ್ನೆರಡು ದಿನದ, ಎರಡೆಲೆಯ ಪೈರು. ಬೀಜ, ಬೇರು, ಮಣ್ಣು ಸಮೇತ ಎತ್ತಿ ಅರ್ಧ ಗಂಟೆಯೊಳಗೆ ನೆಡಬೇಕು. ಒಂದು ಕಡೆ ಒಂದೇ ಪೈರು, ಆಳಕ್ಕೆ ತಳ್ಳದೆ ಮೇಲೆಮೇಲೆ ಊರಬೇಕು. ಎತ್ತ ನೋಡಿದರೂ 25 ಸೆಂಟಿಮೀಟರ್, ಅಂದ್ರೆ ಹತ್ತು ಇಂಚು ಅಂತರ. ನೀರು ಸದಾ ನಿಲ್ಲಿಸಬಾರದು, ಒಂದು ಸಲ ಕಟ್ಟಿ ಒಂದು ಸಲ ಆರಲು ಬಿಡಬೇಕು. ಹತ್ತು ದಿನಕ್ಕೊಮ್ಮೆ ಕೋನೋ ವೀಡರ್ (ಸಾಲಿನ ನಡುವೆ ಕೈಯಲ್ಲಿ ತಳ್ಳುವ ಕಳೆ ಸಾಧನ) ಓಡಿಸಿ ಕಳೆಯನ್ನು ಮಣ್ಣಿಗೇ ತುಳಿಯಬೇಕು. ಜೊತೆಗೆ ಸಾವಯವ ಗೊಬ್ಬರ. ವಾಡಿಕೆಯಂತೆ ಎಕರೆಗೆ 25-30 ಕಿಲೋ ಬಿತ್ತನೆ ಭತ್ತ ಬೇಕಾದರೆ, ಇದಕ್ಕೆ 2 ಕಿಲೋ ಸಾಕು.

ಮೊದಲ ಐದು ಗುಂಟೆ

ಊರಿನ ಒಬ್ಬ ನಡುವಯಸ್ಸಿನ ರೈತ ತರಬೇತಿಗೆ ಹೋಗಿ ಬಂದು ಐದು ಗುಂಟೆಯಲ್ಲಿ ಮಾಡಿ ನೋಡಿದರು. ಅವರನ್ನು ಮೊದಲ ರೈತ ಅನ್ನೋಣ. ನಾಟಿಯ ದಿನ ಕೃಷಿ ಅಧಿಕಾರಿ ಬದುವಿನ ಮೇಲೇ ನಿಂತಿದ್ದರು. ಎಲ್ಲವೂ ಹೇಳಿದ ಹಾಗೇ ನಡೆಯಿತು. ಮೊದಲ ಎರಡು ವಾರ ಗದ್ದೆ ನೋಡಿದವರೆಲ್ಲ ನಕ್ಕರು. ನೀರಿನ ಮೇಲೆ ಏನೂ ಕಾಣುತ್ತಿರಲಿಲ್ಲ, ನೆಟ್ಟಿದ್ದಾರೋ ಬಿಟ್ಟಿದ್ದಾರೋ ಅನ್ನುವ ಹಾಗಿತ್ತು. ಎರಡು ತಿಂಗಳಿಗೆ ನಗು ನಿಂತಿತು. ಒಂದೊಂದು ಗುಡ್ಡೆ, ಅಂದ್ರೆ ಒಂದು ಕಡೆ ಊರಿದ ಪೈರು ತೆಂಡೆ ಹೊಡೆದು ಆದ ಗುಂಪು, ಎರಡು ಕೈಯಲ್ಲಿ ಹಿಡಿಯುವಷ್ಟು ದಪ್ಪ.

ಅವರ ಭಾವಮೈದ ಪಕ್ಕದೂರಿನಿಂದ ಬಂದು ನೋಡಿದ್ದು ಆಗ. ಮುಂದಿನ ಹಂಗಾಮಿಗೆ ಅವರೂ ಅರ್ಧ ಎಕರೆಯಲ್ಲಿ ಮಾಡಿದರು. ಅವರ ಗದ್ದೆ ನೋಡಿ ಅವರ ಬಯಲಿನ ಇನ್ನಿಬ್ಬರು ಮಾಡಿದರು. ಹೀಗೆ ಮೂರು ನಾಲ್ಕು ಕೈ ದಾಟಿತು. ಸಂಸ್ಥೆಯವರಿಗೆ ಖುಷಿ. ವರದಿಯಲ್ಲಿ 'ರೈತರಿಂದ ರೈತರಿಗೆ ಹರಡಿದೆ' ಅಂತ ಬರೆದರು.

ಹರಡಿದ್ದು ಏನು ಅಂತ ನೋಡಿದಾಗ ಚಿತ್ರ ಬೇರೆಯೇ ಇತ್ತು. ಮೂರನೇ ಕೈ ತಲುಪುವ ಹೊತ್ತಿಗೆ ಹತ್ತು ಇಂಚಿನ ಅಂತರ ಹಾಗೇ ಇತ್ತು. ಹಗ್ಗ ಹಿಡಿದು ಚೊಕ್ಕವಾಗಿ ಸಾಲು ಮಾಡಿದ್ದರು. ಆದರೆ ಪೈರು ಸುಮಾರು ನಾಲ್ಕು ವಾರದ್ದು, ಮಾಮೂಲಿ ಒಟ್ಲಿನಿಂದ (ಪೈರು ಬೆಳೆಸುವ ಸಸಿಮಡಿಯಿಂದ) ಕಿತ್ತು, ಬೇರು ಬಡಿದು ಮಣ್ಣು ಉದುರಿಸಿ, ಕಂತೆ ಕಟ್ಟಿ, ಒಂದು ರಾತ್ರಿ ನೀರಲ್ಲಿಟ್ಟು ಬೆಳಗ್ಗೆ ನೆಟ್ಟದ್ದು. ಒಂದು ಕಡೆ ಎರಡು, ಮೂರು. ನೀರು ಯಾವಾಗಲೂ ಕಟ್ಟಿದ್ದೇ. ವೀಡರ್ ಇಲ್ಲ.

ಹೀಗೆ ಮಾಡಿದರೆ ಹಳೆಯ ಪದ್ಧತಿಗಿಂತ ಕೆಟ್ಟದಾಗುತ್ತದೆ. ಬಲಿತ ಪೈರಿಗೆ ತೆಂಡೆ ಹೊಡೆಯಲು ಕಾಲವೇ ಉಳಿದಿರುವುದಿಲ್ಲ, ಹಾಗಾಗಿ ಹತ್ತು ಇಂಚು ಜಾಗವನ್ನು ತುಂಬುವುದಿಲ್ಲ. ಆ ಜಾಗದಲ್ಲಿ ಕಳೆ ಬರುತ್ತದೆ. ಹಳೆಯ ಪದ್ಧತಿಯಲ್ಲಿ ಒತ್ತಾಗಿ ನೆಡುವುದಕ್ಕೆ ಅದರದೇ ಕಾರಣವಿತ್ತು ಅಲ್ವಾ? ಬಲಿತ ಪೈರು ಮತ್ತು ಒತ್ತು ನಾಟಿ ಒಂದಕ್ಕೊಂದು ಹೊಂದಿಕೊಂಡಿದ್ದವು. ಎಳೆ ಪೈರು ಮತ್ತು ಅಗಲ ನಾಟಿಯೂ ಹಾಗೇ. ಈಗ ಇಲ್ಲಿಂದ ಅರ್ಧ, ಅಲ್ಲಿಂದ ಅರ್ಧ ಸೇರಿಕೊಂಡಿತ್ತು. ಆ ವರ್ಷ ನಷ್ಟ ಮಾಡಿಕೊಂಡ ಒಬ್ಬರು ಸಭೆಯಲ್ಲಿ ಎದ್ದು ನಿಂತು, "ನಿಮ್ ಶ್ರೀ ಪದ್ಧತಿ ನಮ್ಗೆ ಬ್ಯಾಡ ಸಾರ್, ನಮ್ ಅಪ್ಪನ ಕಾಲದ್ದೇ ಸರಿ" ಅಂದರು. ಅವರು ಮಾಡಿದ್ದು ಶ್ರೀ ಪದ್ಧತಿ ಅಲ್ಲವೇ ಅಲ್ಲ. ಆದರೆ ಹೆಸರು ಅದೇ.

ಕಳೆದುಹೋದದ್ದು ಎಲ್ಲಿ

ಮೊದಲಿಗೆ ಎಲ್ಲರೂ ಕೊಟ್ಟ ವಿವರಣೆ: ಜನ ಸರಿಯಾಗಿ ಕೇಳಿಸಿಕೊಂಡಿಲ್ಲ, ಅಥವಾ ಮರೆತಿದ್ದಾರೆ. ಇಂಥ ಸಂದರ್ಭದಲ್ಲಿ ಸುಲಭವಾಗಿ ನಾಲಿಗೆಗೆ ಬರುವ ಮಾತು ಇದು. ಒಂದೊಂದೇ ಕೊಂಡಿ ಹಿಡಿದು ವಿಚಾರಿಸಿದಾಗ ಮರೆವು ಬಹಳ ಕಡಿಮೆ ಇತ್ತು.

ಭಾವಮೈದ ಗದ್ದೆ ನೋಡಿದ್ದು ಬೆಳೆ ಎರಡು ತಿಂಗಳಿದ್ದಾಗ. ಎರಡು ತಿಂಗಳ ಗದ್ದೆಯಲ್ಲಿ ಕಣ್ಣಿಗೆ ಬೀಳೋದು ಸಾಲು ಮತ್ತು ಅಂತರ. ನೆಟ್ಟಾಗ ಪೈರಿಗೆ ಎಷ್ಟು ದಿನವಾಗಿತ್ತು ಅನ್ನೋದು ಕಾಣುವುದಿಲ್ಲ. ಒಂದೇ ಪೈರು ಊರಿದ್ದರು ಅನ್ನೋದೂ ಕಾಣುವುದಿಲ್ಲ, ಅದೀಗ ದೊಡ್ಡ ಗುಡ್ಡೆಯಾಗಿದೆ. ಬೀಜ ಸಮೇತ ಎತ್ತಿದ್ದರು, ಬೇಗ ನೆಟ್ಟಿದ್ದರು ಅನ್ನೋದಂತೂ ಗುರುತೇ ಇಲ್ಲದೆ ಮಣ್ಣಿನಲ್ಲಿ ಹೂತುಹೋಗಿದೆ. ಮೊದಲ ರೈತ ಬಾಯಲ್ಲಿ ಎಲ್ಲವನ್ನೂ ಹೇಳಿದ್ದರಂತೆ. ಆದರೆ ಕಣ್ಣಿಗೆ ಕಂಡದ್ದರ ಮುಂದೆ ಕಿವಿಗೆ ಬಿದ್ದದ್ದು ಸೋತಿತು.

ಇನ್ನು ಹತ್ತು ದಿನದ ಕಥೆ. ಭಾವಮೈದನಿಗೆ 'ಹತ್ತು ಹನ್ನೆರಡು ದಿನ' ಅಂತ ಚೆನ್ನಾಗಿ ಗೊತ್ತಿತ್ತು. ಹಾಗೆ ನೆಡಲು ಹೊರಟಿದ್ದರು ಕೂಡ. ನಾಲೆಗೆ ನೀರು ಬಿಡುತ್ತಾರೆ ಅಂತ ಸುದ್ದಿ ಬಂದು ಒಟ್ಲು ಹಾಕಿದರು. ನೀರು ಬಂತು, ಆದರೆ ನಾಲೆಯ ಕೊನೆಗೆ ಮುಟ್ಟಲು ಇನ್ನಷ್ಟು ದಿನ ಹಿಡಿಯಿತು. ಅಷ್ಟರಲ್ಲಿ ಪೈರಿಗೆ ಮೂರು ವಾರ. ಬಿಸಾಡಲು ಮನಸ್ಸು ಬರಲಿಲ್ಲ, ನೆಟ್ಟರು. ಮುಂದಿನವರು ಕೇಳಿದಾಗ 'ಹದಿನೈದಿಪ್ಪತ್ತು ದಿನವಾದರೂ ನಡೀತದೆ' ಅಂದರು. ಅವರು ಮಾಡಿದ್ದನ್ನೇ ಹೇಳಿದರು, ಸುಳ್ಳೇನಲ್ಲ. ಅದಕ್ಕೂ ಮುಂದಿನವರಿಗೆ ಇಪ್ಪತ್ತು, ಇಪ್ಪತ್ತೈದು ಒಂದೇ ಅನ್ನಿಸಿತು. ಇಪ್ಪತ್ತೈದು ದಿನ ಅಂದ್ರೆ ಅಪ್ಪನ ಕಾಲದ ಲೆಕ್ಕ. ಅಲ್ಲಿಗೆ ಬಂದು ನಿಂತಿತು.

ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದೇ ಚಲನೆಯನ್ನು ತೋರಿಸಿದ್ದವು. ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಅವರು ಇಂಗ್ಲಿಷ್ ಜನರಿಗೆ ಓದಲು ಕೊಟ್ಟು, ನೆನಪಿನಿಂದ ಬರೆಸಿ, ಅದನ್ನು ಮುಂದಿನವರಿಗೆ ಕೊಟ್ಟು, ಹೀಗೆ ಸರಪಳಿ ಮಾಡಿದರು. ಕಥೆ ಅಡ್ಡಾದಿಡ್ಡಿಯಾಗಿ ಬದಲಾಗಲಿಲ್ಲ. ಅವರಿಗೆ ಪರಿಚಯವಿದ್ದ ಕಡೆಗೆ ಜಾರುತ್ತಾ ಹೋಯಿತು. ಸೀಲ್ ಬೇಟೆಗೆ ಹೋದವರು ಮೀನು ಹಿಡಿಯಲು ಹೋದವರಾದರು. ನಮ್ಮ ಊರಿನಲ್ಲಿ ಹತ್ತು ದಿನದ ಪೈರು ಇಪ್ಪತ್ತೈದು ದಿನದ್ದಾಯಿತು. ವ್ಯತ್ಯಾಸವೇನೆಂದರೆ, ಇಲ್ಲಿ ತಳ್ಳಿದ್ದು ನೆನಪಿಗಿಂತ ಜಾಸ್ತಿ ನಾಲೆಯ ನೀರು.

ಮಾಡಿ ನೋಡಿದ್ದು

ಮೊದಲ ಪ್ರಯತ್ನ ಕರಪತ್ರ. ಆರು ಅಂಶ, ಚಿತ್ರ ಸಮೇತ. ಚೆನ್ನಾಗಿಯೇ ಇತ್ತು. ಮನೆಯ ಗೋಡೆಗೆ ಅಂಟಿಸಿಕೊಂಡರು. ಗದ್ದೆಯಲ್ಲಿ ಏನೂ ಬದಲಾಗಲಿಲ್ಲ.

ಎರಡನೆಯದು ಬಾಯಿಪಾಠ. ತಂಡದಲ್ಲಿದ್ದ ಒಬ್ಬರಿಗೆ ವೇದಪಾಠದ ಪರಿಚಯವಿತ್ತು. ಅಲ್ಲಿ ಪದ, ಕ್ರಮ, ಜಟಾ, ಘನ ಅಂತ ಒಂದೇ ಮಂತ್ರವನ್ನು ಬೇರೆ ಬೇರೆ ಜೋಡಣೆಯಲ್ಲಿ ಹೇಳಿಸುತ್ತಾರೆ. ಘನದಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಮತ್ತೆ ಒಂದು-ಎರಡು-ಮೂರು, ಹೀಗೆ ಪದಗಳು ಮುಂದೆ ಹಿಂದೆ ಓಡಾಡುತ್ತವೆ. ಒಂದು ಸ್ವರ ತಪ್ಪಿದರೂ ತಕ್ಷಣ ಸಿಕ್ಕಿಬೀಳುತ್ತದೆ. ಅರ್ಥ ಗೊತ್ತಿಲ್ಲದವರೂ ರೂಪವನ್ನು ಕೆಡದಂತೆ ದಾಟಿಸಬಲ್ಲರು. ಶತಮಾನಗಳಿಂದ ದಾಟಿಸಿದ್ದಾರೆ. ಅದೇ ಧೈರ್ಯದಲ್ಲಿ ಆರು ಅಂಶವನ್ನು ಪ್ರಾಸ ಕಟ್ಟಿ ಹೇಳಿಸಿದರು. ಜನ ತಪ್ಪಿಲ್ಲದೆ ಹೇಳಿದರು. ಹೇಳುತ್ತಲೇ ಬಲಿತ ಪೈರು ನೆಟ್ಟರು. ನನಗನ್ನಿಸುವುದು, ಮಂತ್ರಕ್ಕೆ ಉಚ್ಚಾರವೇ ಕೆಲಸ. ಅದು ಸರಿಯಾದರೆ ಕೆಲಸ ಮುಗಿಯಿತು. ನಾಟಿಯ ನಿಯಮ ಮಾತ್ರ ಬಾಯಿಯಲ್ಲಿ ಸರಿಯಿದ್ದು ಸಾಕಾಗುವುದಿಲ್ಲ, ನೀರು ತಡವಾದ ದಿನ ಏನು ಮಾಡಬೇಕು ಅಂತಲೂ ಹೇಳಬೇಕು. ಪ್ರಾಸ ಅದನ್ನು ಹೇಳಲಿಲ್ಲ.

ಮೂರನೆಯದರಿಂದ ದಾರಿ ತಿರುಗಿತು. ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಸಂಸ್ಥೆ 1980ರಿಂದ 1990ರವರೆಗೆ ಭೇದಿಗೆ ಉಪ್ಪು-ಬೆಲ್ಲದ ನೀರು ಮಾಡುವುದನ್ನು ಒಂದು ಕೋಟಿಗೂ ಹೆಚ್ಚು ಮನೆಗಳಲ್ಲಿ ಹೇಳಿಕೊಟ್ಟಿತು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಮನೆಮನೆಗೆ ಹೋಗಿ ಕಲಿಸಿದ ಹೆಂಗಸರಿಗೆ ಸಂಬಳ ಕೊಟ್ಟ ರೀತಿ ವಿಶೇಷವಾಗಿತ್ತು. ಎಷ್ಟು ಮನೆಗೆ ಹೋದರು ಅನ್ನೋದರ ಮೇಲಲ್ಲ. ಆಮೇಲೆ ಬೇರೊಬ್ಬರು ಹೋಗಿ ಕೇಳಿದಾಗ ಆ ತಾಯಂದಿರಿಗೆ ಎಷ್ಟು ನೆನಪಿದೆ ಅನ್ನೋದರ ಮೇಲೆ. ಈ ಸಂಗತಿ ತಂಡದ ಸಭೆಯಲ್ಲಿ ಚರ್ಚೆಗೆ ಬಂದಾಗ ಒಬ್ಬರು ಕೇಳಿದರು: ಸರಿ, ನಮ್ಮಲ್ಲಿ ಆ ತಾಯಿ ಯಾರು? ಕೊನೆಗೆ ಪೈರನ್ನು ಕೈಯಲ್ಲಿ ಹಿಡಿದು ಊರುವವರು ಯಾರು?

ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ. ನಾಟಿ ಮಾಡೋದು ಹೆಂಗಸರು. ತರಬೇತಿಗೆ ಹೋದವರು, ಕರಪತ್ರ ಅಂಟಿಸಿಕೊಂಡವರು, ಪ್ರಾಸ ಕಲಿತವರು ಎಲ್ಲರೂ ಜಮೀನಿನ ಯಜಮಾನರು, ಗಂಡಸರು. ಅವರಲ್ಲಿ ಒಬ್ಬರೂ ಒಂದು ಪೈರನ್ನೂ ಊರುತ್ತಿರಲಿಲ್ಲ.

ಮೂರು ಸಾಲು

ಆ ಭಾಗದ ಹತ್ತಾರು ಊರುಗಳಲ್ಲಿ ನಾಟಿ ಮಾಡುತ್ತಿದ್ದದ್ದು ಒಂದೆರಡು ಗುಂಪು ಅಷ್ಟೇ. ಒಂದು ಗುಂಪಿನ ಮುಂದಾಳು ಐವತ್ತು ದಾಟಿದ ಹೆಂಗಸು. ಎಲ್ಲರೂ ಅಕ್ಕ ಅನ್ನುತ್ತಿದ್ದರು. ಎಕರೆಗೆ ಇಷ್ಟು ಅಂತ ಗುತ್ತಿಗೆ ಮಾತಾಡೋದು, ಆಳು ಕೂಡಿಸೋದು, ದುಡ್ಡು ಹಂಚೋದು ಎಲ್ಲ ಅವರದೇ.

ಒಂದು ಕಡೆ ಒಂದೇ ಪೈರು ಯಾಕೆ ಊರುವುದಿಲ್ಲ ಅಂತ ಅಧಿಕಾರಿ ಕೇಳಿದಾಗ ಅವರು ಹೇಳಿದ್ದು: "ಒಂದೇ ಕಡ್ಡಿ ಊರಿದ್ರೆ ಗದ್ದೆ ಬೋಳುಬೋಳಾಗಿ ಕಾಣ್ತದೆ. ಸತ್ತೋದ್ರೆ ಯಜಮಾನ್ರು ಬಯ್ಯೋದು ನಮ್ಗೆ. ನಿಮ್ಗಲ್ವಲ್ಲ ಸಾರ್." ಆಮೇಲೆ ಇನ್ನೊಂದು ಮಾತು. "ಎಳೇ ಪೈರು ಯಾಕೆ? ಎಲ್ಲಾರೂ ಎಳೇದು ಎಳೇದು ಅಂತೀರ. ಯಾಕೆ ಅಂತ ಒಬ್ರೂ ಹೇಳಕಿಲ್ಲ."

ಇಷ್ಟು ವರ್ಷದಲ್ಲಿ 'ಯಾಕೆ' ಅಂತ ಕೇಳಿದ ಮೊದಲನೆಯವರು ಅವರೇ. ಯಜಮಾನರು ಕೇಳುತ್ತಿದ್ದದ್ದು 'ಎಷ್ಟು ಬರ್ತದೆ' ಅಂತ.

ಅಧಿಕಾರಿ ವಿವರಿಸಲು ಹೋಗಲಿಲ್ಲ. ಇದು ಒಳ್ಳೆಯ ತೀರ್ಮಾನ. ಮೊದಲ ರೈತನ ಗದ್ದೆಯ ಮೂಲೆಯಲ್ಲಿ ಸ್ವಲ್ಪ ಜಾಗ ಬಿಡಿಸಿ, ಅಕ್ಕನ ಕೈಯಿಂದಲೇ ಮೂರು ಸಾಲು ನೆಡಿಸಿದರು. ಮೊದಲ ಸಾಲಿಗೆ ಹತ್ತು ದಿನದ ಪೈರು. ತಟ್ಟೆಯಲ್ಲಿ ಮಣ್ಣು ಸಮೇತ ಎತ್ತಿ ತಂದು ಆಗಲೇ ಊರಿದ್ದು. ಎರಡನೆಯದಕ್ಕೂ ಅದೇ ಪೈರು, ಆದರೆ ಕಿತ್ತು, ಬೇರು ತೊಳೆದು, ಅರ್ಧ ದಿನ ಬಿಸಿಲಲ್ಲಿಟ್ಟು, ಆಳಕ್ಕೆ ತಳ್ಳಿದ್ದು. ಮೂರನೆಯದು ನಾಲ್ಕು ವಾರದ ಪೈರು, ಅದೂ ಒಂಟಿ. ನೆಡುವಾಗ ಒಂದು ಎಳೆ ಪೈರನ್ನು ಅಂಗೈ ಮೇಲಿಟ್ಟು ತೋರಿಸಿದರು. ಬೇರಿನ ಬುಡದಲ್ಲಿ ಭತ್ತದ ಕಾಳು ಇನ್ನೂ ಅಂಟಿಕೊಂಡಿತ್ತು. ಅಕ್ಕ ಅದನ್ನು ಉಗುರಿನಲ್ಲಿ ಒತ್ತಿದರು. ಒಳಗೆ ಸ್ವಲ್ಪ ಹಾಲಿನಂಥದ್ದು ಉಳಿದಿತ್ತು. "ಇದ್ರ ಬುತ್ತಿ ಇದ್ರತ್ರನೇ ಅದೆ" ಅಂದರು. ಅಧಿಕಾರಿ ಹೇಳಬೇಕಾಗಿದ್ದದ್ದೂ ಅಷ್ಟೇ.

ತಿಂಗಳು ಕಳೆದ ಮೇಲೆ ಅವರೇ ಬಂದು ಗುಡ್ಡೆ ಬಿಡಿಸಿ ಎಣಿಸಿದರು. ಬೆರಳ ಗೆಣ್ಣಿನ ಲೆಕ್ಕ. ಮೊದಲ ಸಾಲಿನ ಒಂದು ಗುಡ್ಡೆಯಲ್ಲಿ 18 ತೆಂಡೆ. ಎರಡನೇ ಸಾಲಿನಲ್ಲಿ ಅದರ ಅರ್ಧದಷ್ಟು, ನಡುವೆ ಕೆಲವು ಸತ್ತೇ ಹೋಗಿದ್ದವು. ಮೂರನೆಯದರಲ್ಲಿ ಐದಾರು. ಅವರು ಎರಡನೇ ಸಾಲಿನ ಮುಂದೆ ಜಾಸ್ತಿ ಹೊತ್ತು ನಿಂತರು. ಒಂದೇ ಪೈರು, ಒಂದೇ ದಿನ, ಒಂದೇ ಮಣ್ಣು. ಬೇರೆಯಾಗಿದ್ದದ್ದು ಕೈ ಮಾತ್ರ.

ಅಂತರದ ಸಮಸ್ಯೆಗೆ ಹಗ್ಗ ಮೊದಲೇ ಇತ್ತು. ಹತ್ತು ಇಂಚಿಗೊಂದು ಗಂಟು, ಗಂಟಿಗೊಂದು ಪೈರು. ಎರಡು ತೀರ್ಮಾನ ಹೊಸದಾಗಿ ಸೇರಿದವು. ಒಂದು, ಶ್ರೀ ನಾಟಿಗೆ ಮೊದಲ ವರ್ಷ ಎಕರೆ ಗುತ್ತಿಗೆ ಬಿಟ್ಟು ದಿನಗೂಲಿ. ಗುತ್ತಿಗೆಯಲ್ಲಿ ಬೇಗ ಮುಗಿಸಿದಷ್ಟೂ ಲಾಭ, ನಿಧಾನವಾಗಿ ಒಂದೊಂದೇ ಊರಿದರೆ ನಷ್ಟ. ನಿಯಮ ಎಷ್ಟೇ ನೆನಪಿದ್ದರೂ ಕೂಲಿಯ ಲೆಕ್ಕ ಅದನ್ನು ಸೋಲಿಸುತ್ತಿತ್ತು. ಎರಡನೆಯದು ಅಕ್ಕನ ಸಲಹೆ. ಎಕರೆಗೆ ಎರಡೇ ಕಿಲೋ ಬೀಜ ಸಾಕಾದರೆ, ವಾರ ಬಿಟ್ಟು ವಾರ ಎರಡು ಒಟ್ಲು ಹಾಕಿ. ನೀರು ಹೇಳಿದ ದಿನಕ್ಕೆ ಬಂದರೆ ಮೊದಲನೆಯದು, ತಡವಾದರೆ ಎರಡನೆಯದು. ಒಂದು ಒಟ್ಲು ಹಾಳಾದರೂ ಹೋಗೋದು ಎರಡು ಕಿಲೋ. ಇದು ಯಾವ ತರಬೇತಿಯಲ್ಲೂ ಹೇಳಿಕೊಟ್ಟದ್ದಲ್ಲ.

ಆಮೇಲೆ ನಡೆದದ್ದು

ಮುಂದಿನ ಹಂಗಾಮಿನಲ್ಲಿ ಪದ್ಧತಿ ಹರಡಿದ ದಾರಿಯೇ ಬೇರೆಯಾಯಿತು. ನೆಂಟಸ್ತಿಕೆಯ ದಾರಿ ಬಿಟ್ಟು ಅಕ್ಕನ ಗುಂಪು ಹೋದ ಕಡೆಗೆಲ್ಲ ಹೋಯಿತು. ತರಬೇತಿಯ ಗಾಳಿಯೇ ಸೋಕದ ಯಜಮಾನರ ಗದ್ದೆಯಲ್ಲೂ ಎಳೆ ಪೈರು ಕಂಡಿತು. ಗುತ್ತಿಗೆ ಮಾತಾಡುವಾಗಲೇ ಅಕ್ಕ ಒಟ್ಲು ನೋಡಿ ಬರುತ್ತಿದ್ದರು.

ನನಗೆ ಮುಖ್ಯ ಅನ್ನಿಸಿದ ಘಟನೆ ಒಂದಿದೆ. ಒಬ್ಬ ಯಜಮಾನರು ಮೂರು ವಾರ ದಾಟಿದ ಪೈರು ಇಟ್ಟುಕೊಂಡು, ಹತ್ತು ಇಂಚಿನ ಹಗ್ಗ ಹಿಡಿದು ನೆಡಬೇಕು ಅಂತ ಹಠ ಹಿಡಿದರು. ಅಕ್ಕ ಒಪ್ಪಲಿಲ್ಲ. "ಇದು ವಯಸ್ಸಾದ್ ಪೈರು ಯಜಮಾನ್ರೇ. ಇದಕ್ಕೆ ಅಷ್ಟಗ್ಲ ಬ್ಯಾಡ. ಎಂಟಿಂಚಿಗೂ ಕಮ್ಮಿ ಮಾಡ್ಕಂಡು ಎರಡೆರಡು ಊರ್ತೀವಿ" ಅಂದರು. ಹಾಗೇ ಮಾಡಿದರು. ಬಲಿತ ಪೈರಾದರೆ ಒತ್ತಾಗಿ ನೆಡಿ, ಒಂದು ಕಡೆಗೆ ಜಾಸ್ತಿ ಪೈರು ಊರಿ ಅಂತಲೇ ಕೃಷಿ ಇಲಾಖೆಗಳೂ ಹೇಳುತ್ತವೆ. ಅಕ್ಕನಿಗೆ ಅದನ್ನು ಯಾರೂ ಹೇಳಿರಲಿಲ್ಲ. ಮೂರನೇ ಸಾಲು ನೋಡಿ ಅವರೇ ಕಂಡುಕೊಂಡದ್ದು.

ತಪಾಸಣೆಯ ಪಟ್ಟಿ ಹಿಡಿದು ಹೋದವರು ಆ ಗದ್ದೆಗೆ ಸೊನ್ನೆ ಕೊಡುತ್ತಾರೆ. ಪೈರಿನ ವಯಸ್ಸು ತಪ್ಪು, ಸಂಖ್ಯೆ ತಪ್ಪು, ಅಂತರವೂ ತಪ್ಪು. ಭಾವಮೈದನ ಬಯಲಿನ ಆ ಚೊಕ್ಕ ಸಾಲಿನ ಗದ್ದೆಗೆ ಒಂದಾದರೂ ಅಂಕ ಸಿಗುತ್ತದೆ. ನನ್ನ ಪ್ರಕಾರ ವಿಚಾರ ಉಳಿದಿದ್ದದ್ದು ಅಕ್ಕನ ಗದ್ದೆಯಲ್ಲಿ. ಅವರಲ್ಲಿ ಇದ್ದದ್ದು ಆರು ಅಂಶಗಳಲ್ಲ, ಆ ಆರು ಅಂಶಗಳು ಒಂದನ್ನೊಂದು ಹಿಡಿದುಕೊಂಡಿರುವ ರೀತಿ. ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗಬೇಕು ಅಂತ ಅವರಿಗೆ ಗೊತ್ತಿತ್ತು.

ಎಲ್ಲವೂ ಉಳಿಯಿತು ಅಂತಲ್ಲ. ಕೋನೋ ವೀಡರ್ ಬಿದ್ದೇ ಹೋಯಿತು. ಕೆಸರಿನಲ್ಲಿ ಅದನ್ನು ತಳ್ಳೋದು ಹೆಂಗಸರಿಗೆ ಭಾರ, ಗಂಡಸರು ಅದು ಹೆಂಗಸರ ಕೆಲಸ ಅಂತ ಮುಟ್ಟಲಿಲ್ಲ. ಮೊದಲ ರೈತನ ದನದ ಕೊಟ್ಟಿಗೆಯಲ್ಲಿ ಒಂದು ತುಕ್ಕು ಹಿಡಿದು ನಿಂತಿದೆ. ಕಳೆ ಕೈಯಲ್ಲೇ ಕೀಳುತ್ತಾರೆ. ನೀರನ್ನು ಕಟ್ಟಿ ಬಿಡುವ ನಿಯಮವೂ ನಿಲ್ಲಲಿಲ್ಲ. ನಾಲೆಯ ಕೊನೆಯಲ್ಲಿರುವವರಿಗೆ ಮುಂದಿನ ಸರದಿ ಯಾವಾಗ ಅಂತ ಖಾತ್ರಿಯಿಲ್ಲ. ಬಂದಾಗ ತುಂಬಿಸಿಕೊಳ್ಳುತ್ತಾರೆ. ಅದರ ಕಾರಣ ಅವರಿಗೆ ಎಷ್ಟು ಚೆನ್ನಾಗಿ ವಿವರಿಸಿದರೂ ಪ್ರಯೋಜನವಿಲ್ಲ. ಗೇಟಿನ ಬೀಗ ಅವರ ಕೈಯಲ್ಲಿಲ್ಲ. 'ಶ್ರೀ' ಎಂಬ ಹೆಸರು ಕೂಡ ಹೋಯಿತು. ಆ ನಷ್ಟದ ವರ್ಷದ ಮೇಲೆ ಯಾರೂ ಅದನ್ನು ಹೇಳುತ್ತಿರಲಿಲ್ಲ, ಹಗ್ಗದ ನಾಟಿ ಅಂತಿದ್ದರು.

ಈ ಪ್ರಕರಣವನ್ನು ಬೇರೆ ಕಡೆ ಬಳಸುವವರಿಗೆ

ಬೇರೆ ಊರಿನಲ್ಲಿ, ಬೇರೆ ವಿಷಯದಲ್ಲಿ ಕೆಲಸ ಮಾಡುವವರು ಇದರಿಂದ ಏನು ಎತ್ತಿಕೊಳ್ಳಬಹುದು ಅಂತ ತಂಡದೊಳಗೆ ಬಹಳ ಮಾತಾಯಿತು. ಹಗ್ಗದಂಥ ಸಾಧನ ಕೊಡಿ ಅಂತ ಕೆಲವರು. ಹಗ್ಗ ನಿಜವಾಗಿ ಅಂತರವನ್ನು ಚೆನ್ನಾಗಿ ಕಾಪಾಡಿತು. ಮೂರನೇ ಕೈಯಲ್ಲೂ ಕೆಡಲಿಲ್ಲ. ಆದರೆ ಬಲಿತ ಪೈರಿನ ಗದ್ದೆಯಲ್ಲಿ ನಷ್ಟ ತಂದದ್ದೂ ಅದೇ ಹಗ್ಗ. ಉಳಿದೆಲ್ಲ ಬದಲಾಗಿದ್ದಾಗ ಅದೊಂದು ಬದಲಾಗದೆ ನಿಂತಿತು. ಭಾಗವೊಂದನ್ನು ಮಾತ್ರ ಗಟ್ಟಿಯಾಗಿ ದಾಟಿಸಿ, ಅದಕ್ಕೆ ಅಂಟಿಕೊಂಡ ಭಾಗವನ್ನು ಸಡಿಲ ಬಿಟ್ಟರೆ ಹೀಗಾಗುತ್ತದೆ.

ಕಾರಣ ಹೇಳಿಕೊಟ್ಟರೆ ಸಾಕು ಅಂತ ಇನ್ನು ಕೆಲವರು. ಅದೂ ಪೂರ್ತಿ ಸರಿಯಲ್ಲ. ಕಾರಣವನ್ನು ಯಜಮಾನರಿಗೂ ತರಬೇತಿಯಲ್ಲಿ ಹೇಳಿದ್ದರು, ಪರದೆಯ ಮೇಲೆ ಚಿತ್ರ ಹಾಕಿ. ಅದು ಇನ್ನೊಂದು ಮಾತಾಗಿ ಉಳಿಯಿತು. ಅಕ್ಕನ ವಿಷಯದಲ್ಲಿ ಕಾರಣವನ್ನು ಯಾರೂ ಹೇಳಲಿಲ್ಲ, ಪೈರೇ ತೋರಿಸಿತು. ಅದೂ ಅವರ ಕೈಯಲ್ಲೇ ನೆಟ್ಟ ಪೈರು. ಮರೆತರೆ ಮತ್ತೆ ಗದ್ದೆಗೆ ಹೋಗಿ ನೋಡಬಹುದು. ಹೇಳಿದವರು ಇಲ್ಲದಿದ್ದರೂ ತಿದ್ದುವ ವಸ್ತು ಎದುರಿಗೇ ಇದೆ.

ಹಾಗಾಗಿಯೇ ಇರಬೇಕು, ಕೆಲವು ವಿಚಾರಗಳು ದಾಟಿಸದೆಯೂ ಬೇರೆ ಬೇರೆ ಕಡೆ ಹುಟ್ಟುತ್ತವೆ. ನಮ್ಮ ಹಾವೇರಿ ಕಡೆ ಗುಳಿ ರಾಗಿ ಮಾಡುವವರು ಅಗಲಗಲವಾಗಿ ಗುಳಿ ಬಿಟ್ಟು ರಾಗಿ ಪೈರು ನೆಡುತ್ತಾರೆ. ಅದು ನಿಂತ ಮೇಲೆ ಕೊರಡು ಎಳೆದು ಬಗ್ಗಿಸಿ ತೆಂಡೆ ಜಾಸ್ತಿ ಮಾಡಿಸುತ್ತಾರೆ. ಇದನ್ನು ಅವರು ಮಡಗಾಸ್ಕರ್‌ನಿಂದ ಕಲಿತದ್ದಲ್ಲ. ಜಾಗ ಕೊಟ್ಟರೆ ಗಿಡ ತುಂಬಿಕೊಳ್ಳುತ್ತದೆ ಅನ್ನೋದನ್ನು ಗಿಡವೇ ಅವರಿಗೂ ತೋರಿಸಿತ್ತು. ಅಕ್ಕನ ಗುಂಪಿನ ಒಬ್ಬ ಹುಡುಗಿಯನ್ನು ಆ ಕಡೆಗೆ ಮದುವೆ ಮಾಡಿ ಕೊಟ್ಟಿದ್ದಾರೆ. ಅವಳು ಹಬ್ಬಕ್ಕೆ ಬಂದಾಗ ಆ ರಾಗಿ ಹೊಲದ ಸುದ್ದಿ ಹೇಳಿದಳಂತೆ. ಇಲ್ಲಿನವರಿಗೆ ಒಂದೇ ಮಾತಿನಲ್ಲಿ ಅರ್ಥವಾಯಿತು.

ನಾನು ಕಡೆಯ ಸಲ ಹೋದಾಗ ಆ ಬಯಲಿಗೆ ನಾಟಿ ಯಂತ್ರ ಬಂದಿತ್ತು. ಯಂತ್ರಕ್ಕೆ ಟ್ರೇಯಲ್ಲಿ ಚಾಪೆಯ ಹಾಗೆ ಬೆಳೆಸಿದ ಪೈರು ಬೇಕು, ಸುಮಾರು ಎರಡರಿಂದ ಎರಡೂವರೆ ವಾರದ್ದು. ಬಲಿತರೆ ಬೇರು ಹೆಣೆದುಕೊಂಡು ಯಂತ್ರದ ಉಗುರಿಗೆ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಯಂತ್ರದವನು ಒಟ್ಲು ನೋಡಿ ಬೇಡ ಅಂತಾನೆ. ಪೈರಿನ ವಯಸ್ಸಿನ ನಿಯಮವನ್ನು ಈಗ ಯಂತ್ರ ಕಾಯುತ್ತಿದೆ, ಕಾರಣ ಅದಕ್ಕೆ ಬೇಕಿಲ್ಲ. ಸಾಲಿನ ಅಂತರವೂ ಯಂತ್ರದಲ್ಲೇ ನಿಗದಿ. ಒಂದೊಂದೇ ಪೈರು ಮಾತ್ರ ಅದರಿಂದ ಆಗದ ಕೆಲಸ, ಒಂದು ಹಿಡಿತಕ್ಕೆ ಎರಡೋ ಮೂರೋ ಹೋಗುತ್ತವೆ. ನಾಟಿ ಕೆಲಸ ಕಡಿಮೆಯಾಗಿದ್ದರಿಂದ ಅಕ್ಕನ ಗುಂಪು ಟ್ರೇಯಲ್ಲಿ ಪೈರು ಬೆಳೆಸಿ ಕೊಡುವ ಗುತ್ತಿಗೆ ಹಿಡಿದಿದೆ. ಬೀಜ ಚೆಲ್ಲುವ ದಿನ ಅವರದೇ ತೀರ್ಮಾನ. ಯಜಮಾನರು ಎಷ್ಟೇ ಅವಸರ ಮಾಡಿದರೂ, ಕೊನೆ ತೂಬಿಗೆ ನೀರು ಮುಟ್ಟುವ ದಿನ ಯಾವುದು ಅಂತ ನೀರಗಂಟಿಯ ಬಾಯಿಂದ ಕೇಳುವ ತನಕ ಅವರು ಬೀಜ ನೆನೆಹಾಕುವುದಿಲ್ಲ.